ಕೋಶ ಓದಲು ಕೋಶವೂ ಬೇಕು

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಗಾದೆ. ಹೊರನಾಡ ಕನ್ನಡಿಗರಾದ ನಾವು ಇದರಲ್ಲಿ ಅರ್ಧವನ್ನು ಚೆನ್ನಾಗಿಯೇ ಪಾಲಿಸಿದ್ದೇವೆ. ಹೊಟೇಲು, ಬ್ಯಾಂಕು, ಕಾರ್ಖಾನೆ ಎಂದು ಹೊಟ್ಟೆಪಾಡಿಗಾಗಿ ಊರು ಬಿಟ್ಟು ದೇಶ ಸುತ್ತಿದ್ದೇವೆ, ಗೋದಾವರಿ ತೀರದ ಈ ನಾಸಿಕ್‌ನಲ್ಲಿ ಮನೆ ಮಾಡಿದ್ದೇವೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಕವಿರಾಜಮಾರ್ಗ ಹೇಳಿದ್ದನ್ನು ಪ್ರತಿ ರಾಜ್ಯೋತ್ಸವದ ವೇದಿಕೆಯಲ್ಲಿ ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಗಾದೆಯ ಉಳಿದರ್ಧ, ಕೋಶ ಓದುವ ಮಾತು, ಆ ವೇದಿಕೆಯಿಂದ ಕೆಳಗಿಳಿದು ಬರುವುದಿಲ್ಲ.

ಕೋಶ ಎಂದರೆ ಪುಸ್ತಕ. ಕೋಶ ಎಂದರೆ ಬೊಕ್ಕಸವೂ ಹೌದು. ಸಂಘದ ಹಣಕಾಸು ನೋಡಿಕೊಳ್ಳುವವರನ್ನು ಕೋಶಾಧಿಕಾರಿ ಎನ್ನುವುದು ಈ ಎರಡನೆಯ ಅರ್ಥದಲ್ಲಿ. ಈ ಎರಡು ಕೋಶಗಳಿಗೂ ಇರುವ ಸಂಬಂಧದ ಬಗ್ಗೆ ನಾಲ್ಕು ಮಾತು ಬರೆಯಲು ಕಾರಣ, ಇತ್ತೀಚೆಗೆ ನಡೆದ ಒಂದು ಸಭೆ.

ನಾನು ಸದಸ್ಯನಾಗಿರುವ ಸಂಘವೊಂದರಲ್ಲಿ ಎರಡು ಕಬ್ಬಿಣದ ಕಪಾಟುಗಳಲ್ಲಿ ಸುಮಾರು 600 ಕನ್ನಡ ಪುಸ್ತಕಗಳಿವೆ. ಹಿಂದಿನ ತಲೆಮಾರಿನ ಹಿರಿಯರು ಊರಿಗೆ ಹೋಗಿ ಬರುವಾಗಲೆಲ್ಲ ಚೀಲದಲ್ಲಿ ಹೊತ್ತು ತಂದು ಕೂಡಿಸಿದ ಪುಸ್ತಕಗಳು ಅವು. ಈಗ ಸಭಾಗೃಹದ ನವೀಕರಣ ನಡೆಯುತ್ತಿದೆ. ಕಪಾಟುಗಳಿಗೆ ಜಾಗವಿಲ್ಲ ಎಂಬ ಮಾತು ಕಾರ್ಯಕಾರಿ ಸಮಿತಿ ಸಭೆಯಲ್ಲಿ ಬಂತು. 'ಈಗ ಓದುವವರು ಯಾರಿದ್ದಾರೆ? ರದ್ದಿಯವನನ್ನು ಕರೆಯುವುದೇ ಒಳ್ಳೆಯದು' ಎಂದರು ಒಬ್ಬರು. ಇಬ್ಬರು ವಿರೋಧಿಸಿದರು. ಕೊನೆಗೆ ವಿಷಯವನ್ನು ವಾರ್ಷಿಕ ಮಹಾಸಭೆಗೆ ಬಿಡಲಾಯಿತು. ಪುಸ್ತಕಗಳು ಸದ್ಯ ರಟ್ಟಿನ ಪೆಟ್ಟಿಗೆಗಳಲ್ಲಿ ಮೆಟ್ಟಿಲಿನ ಕೆಳಗಿವೆ.

ಆ ರಾತ್ರಿ ಮನೆಗೆ ಬಂದು ಸಂಘದ ಹಳೆಯ ಲೆಕ್ಕಪತ್ರಗಳನ್ನು ತೆಗೆದು ನೋಡಿದೆ. ಪುಸ್ತಕ ಖರೀದಿ ಎಂಬ ತಲೆಬರಹದ ಕೆಳಗೆ ಕೊನೆಯ ಬಾರಿ ಹಣ ಬಿದ್ದದ್ದು 2011ರಲ್ಲಿ, 1,650 ರೂಪಾಯಿ. ಅನಂತರ ಪ್ರತಿ ವರ್ಷ ಒಂದು ಅಡ್ಡಗೆರೆ. ಕಳೆದ ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಸ್ಮರಣಿಕೆಗೆ ಖರ್ಚಾದದ್ದು 38 ಸಾವಿರ. ಯಾರನ್ನೋ ದೂರುವ ಮೊದಲು ಒಂದು ಮಾತು ಒಪ್ಪಿಕೊಳ್ಳಬೇಕು. ಕಳೆದ ಆರು ವರ್ಷಗಳ ಆ ಅಡ್ಡಗೆರೆಯ ಕೆಳಗೆ ಸಹಿ ಹಾಕಿದ ಗೌರವ ಕೋಶಾಧಿಕಾರಿ ನಾನೇ.

ಓದುವವರಿಲ್ಲದೆ ಪುಸ್ತಕ ಬರಲಿಲ್ಲವೋ, ಹೊಸ ಪುಸ್ತಕ ಬಾರದೆ ಓದುವವರು ಹೋದರೋ? ಹದಿನಾಲ್ಕು ವರ್ಷ ಹೊಸ ಸರಕು ತರಿಸದ ಅಂಗಡಿಗೆ ಗಿರಾಕಿ ಬರಲಿಲ್ಲ ಎಂದು ಅಳುವುದರಲ್ಲಿ ಅರ್ಥವಿಲ್ಲ. ಗ್ರಂಥಾಲಯ ಬದುಕುವುದು ಪ್ರತಿ ವರ್ಷ ತಪ್ಪದೆ ಬರುವ ಒಂದಿಷ್ಟು ಹಣದಿಂದ. ಅದು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಒಂದು ಉತ್ತರ, ನಾವು ಬದುಕುತ್ತಿರುವ ಈ ಮಹಾರಾಷ್ಟ್ರದಲ್ಲಿ ಇನ್ನೊಂದು ಉತ್ತರ ಸಿಕ್ಕಿದೆ. ಎರಡನ್ನೂ ತಿಳಿಯುವುದು ಒಳ್ಳೆಯದು.

ನಾಸಿಕ್‌ನ 1840ರ ವಾಚನಾಲಯ

ಗ್ರಂಥಾಲಯದ ವಿಷಯದಲ್ಲಿ ನಾಸಿಕ್ ಸಾಮಾನ್ಯ ಊರಲ್ಲ. ಇಲ್ಲಿಯ ಸಾರ್ವಜನಿಕ ವಾಚನಾಲಯ ಆರಂಭವಾದದ್ದು 1840ರಲ್ಲಿ. ಪೇಶ್ವೆಗಳ ಆಡಳಿತ ಮುಗಿದು ಆಗಿನ್ನೂ 22 ವರ್ಷ. ಮುಂಬಯಿ ವಿಶ್ವವಿದ್ಯಾಲಯ ಹುಟ್ಟಲು ಇನ್ನೂ 17 ವರ್ಷ ಬಾಕಿ ಇತ್ತು. ಮರಾಠಿ ಬಂಧುಗಳು ಇದನ್ನು ಪ್ರೀತಿಯಿಂದ 'ಸಾವಾನಾ' ಎನ್ನುತ್ತಾರೆ. ಲಕ್ಷಕ್ಕೂ ಮೀರಿ ಪುಸ್ತಕಗಳಿರುವ ಈ ಸಂಸ್ಥೆ ಸರಕಾರದ ಇಲಾಖೆಯಲ್ಲ, ಸದಸ್ಯರ ಸಂಸ್ಥೆ. ಅದರ ಆಡಳಿತ ಮಂಡಳಿಗೆ ಚುನಾವಣೆ ನಡೆಯುವಾಗ ಪ್ಯಾನೆಲುಗಳೇನು, ಪ್ರಚಾರವೇನು, ಪತ್ರಿಕೆಗಳಲ್ಲಿ ಸುದ್ದಿಯೇನು! ಮಹಾನಗರ ಪಾಲಿಕೆಯ ಚುನಾವಣೆಯೇ ಬಂದಂತಿರುತ್ತದೆ. ಒಂದು ವಾಚನಾಲಯದ ಕುರ್ಚಿಗೆ ಇಷ್ಟು ಜಗಳವೇ ಎಂದು ಮೊದಲು ನಗು ಬರುತ್ತಿತ್ತು. ಈಗ ಹೊಟ್ಟೆಕಿಚ್ಚಾಗುತ್ತದೆ. ಜಗಳವಾಡಲು ಅಲ್ಲಿ ಏನೋ ಇದೆ ಎಂದು ಜನ ನಂಬಿದ್ದಾರೆ.

ಮಹಾರಾಷ್ಟ್ರದ ಗ್ರಂಥಾಲಯಗಳ ರೀತಿಯೇ ಇದು. ಜನರು ಸೇರಿ ಸಂಸ್ಥೆ ಕಟ್ಟುತ್ತಾರೆ, ವಂತಿಗೆ ಕೊಡುತ್ತಾರೆ, ದಾನಿಗಳನ್ನು ಹುಡುಕುತ್ತಾರೆ. ಸರಕಾರ ಅನುದಾನ ಕೊಡುತ್ತದೆ. ಇದರ ಬೇರು ಬ್ರಿಟಿಷರ ಕಾಲದ ಮುಂಬಯಿ ಪ್ರಾಂತ್ಯದಲ್ಲಿದೆ. ಅಸಫ್ ಫೈಜಿಯವರ ಅಧ್ಯಕ್ಷತೆಯ ಸಮಿತಿ 1940ರ ಸುಮಾರಿಗೆ ಮುಂಬಯಿಯ ಕೇಂದ್ರ ಗ್ರಂಥಾಲಯದಿಂದ ಹಳ್ಳಿಯ ವಾಚನಾಲಯದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಯೋಜನೆ ಹಾಕಿಕೊಟ್ಟಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು ಎಂಬುದನ್ನು ಮರೆಯಬಾರದು.

ಹೈದರಾಬಾದಿನ ದೊಡ್ಡ ಗ್ರಂಥಾಲಯ

ನಾಸಿಕ್‌ಗೆ ವರ್ಗವಾಗಿ ಬರುವ ಮೊದಲು ನಾನು ಕೆಲವು ವರ್ಷ ಔರಂಗಾಬಾದಿನಲ್ಲಿದ್ದೆ. 2023ರಿಂದ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ಅಲ್ಲಿ ಪ್ರತಿ ತಿಂಗಳು ಪಿಂಚಣಿಗೆ ಬರುತ್ತಿದ್ದ ಬೀದರ್ ಕಡೆಯ ಹಿರಿಯರೊಬ್ಬರು ನನ್ನ ಕನ್ನಡ ಕೇಳಿ ಕೌಂಟರಿನ ಹತ್ತಿರವೇ ನಿಂತುಬಿಡುತ್ತಿದ್ದರು. 'ನಿಮ್ಗ ಗೊತ್ತಿಲ್ರೀ, ನಮ್ಮ ಬೀದರಕ್ಕೂ ಈ ಊರಿಗೂ ಒಂದಾ ದೊಡ್ಡ ಲೈಬ್ರರಿ ಇತ್ತು, ಹೈದರಾಬಾದ್‌ದಾಗ' ಎಂದು ಒಮ್ಮೆ ಹೇಳಿದರು. ಕರಾವಳಿಯವನಾದ ನನಗೆ ಅದು ಹೊಸ ಸಂಗತಿ. ಅನಂತರ ಓದಿ ತಿಳಿದುಕೊಂಡೆ.

ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ಎಂಟು ತೆಲುಗು, ಐದು ಮರಾಠಿ, ಮೂರು ಕನ್ನಡ. ಔರಂಗಾಬಾದ್ ಮರಾಠಿ ಜಿಲ್ಲೆಗಳಲ್ಲಿ ಒಂದು, ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಆ ಮೂರು. ಈ ಸಂಸ್ಥಾನದ ರಾಜಧಾನಿಯಲ್ಲಿ 1891ರಲ್ಲಿ ಆಸಫಿಯಾ ಗ್ರಂಥಾಲಯ ಆರಂಭವಾಯಿತು. ಮೂಸಿ ನದಿಯ ದಂಡೆಯಲ್ಲಿ, ಅಫ್ಜಲ್‌ಗಂಜ್‌ನಲ್ಲಿ, ಈಗಲೂ ನಿಂತಿರುವ ಅದರ ಭವ್ಯ ಕಟ್ಟಡ 1930ರ ದಶಕದ್ದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1955ರಲ್ಲಿ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದು ಆಸಫಿಯಾ ಗ್ರಂಥಾಲಯವೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಆ ಕಾಯ್ದೆಯಲ್ಲಿ ಗ್ರಂಥಾಲಯ ಕರಕ್ಕೂ ಅವಕಾಶವಿತ್ತು.

ಮರುವರ್ಷವೇ, 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯ ರಚನೆಯಲ್ಲಿ ಸಂಸ್ಥಾನ ಮೂರು ಹೋಳಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠವಾಡಾ ಮುಂಬಯಿ ರಾಜ್ಯಕ್ಕೆ, ತೆಲಂಗಾಣ ಆಂಧ್ರಕ್ಕೆ. ಗ್ರಂಥಾಲಯ ಮಾತ್ರ ಹೈದರಾಬಾದಿನಲ್ಲೇ ಉಳಿಯಿತು. ಅಂದಿನಿಂದ ಬೀದರಿನ ಓದುಗನಿಗೆ ಒಂದು ದಾರಿ, ಔರಂಗಾಬಾದಿನ ಓದುಗನಿಗೆ ಇನ್ನೊಂದು ದಾರಿ. ಒಂದೇ ಮನೆಯಿಂದ ಬೇರೆಯಾದ ಅಣ್ಣ ತಮ್ಮಂದಿರಂತೆ.

ಕರ್ನಾಟಕದ ದಾರಿ: ರೂಪಾಯಿಗೆ ಆರು ಪೈಸೆ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕೆಂಪು ಕಟ್ಟಡವನ್ನು ನೋಡದವರು ಕಡಿಮೆ. ದಿವಾನ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನ ಅದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಅಲ್ಲಿ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. ಇಂದು ಅದು ಕರ್ನಾಟಕದ ರಾಜ್ಯ ಕೇಂದ್ರ ಗ್ರಂಥಾಲಯ.

ಏಕೀಕರಣವಾದಾಗ ಹೊಸ ರಾಜ್ಯದಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಪದ್ಧತಿ ಇತ್ತು. ಧಾರವಾಡದ ಕಡೆ ಮುಂಬಯಿಯ ಅನುದಾನ, ಗುಲ್ಬರ್ಗಾ ಕಡೆ ಹೈದರಾಬಾದಿನ ಕಾಯ್ದೆ. ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಮದ್ರಾಸಿನದು, 1948ರದು. ಅದರ ಹಿಂದೆ ಇದ್ದವರು ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್. ಮನೆ ತೆರಿಗೆಯ ಜೊತೆಗೆ ಒಂದು ಸಣ್ಣ ಪಾಲನ್ನು ಗ್ರಂಥಾಲಯಕ್ಕೆಂದೇ ವಸೂಲಿ ಮಾಡಬೇಕು ಎಂಬುದು ಅವರ ಹಟ. ಬಜೆಟಿನಲ್ಲಿ ಕೊಟ್ಟ ಹಣವನ್ನು ಮುಂದಿನ ಮಂತ್ರಿ ಕಡಿತ ಮಾಡಬಹುದು, ಕಾನೂನಿನಿಂದ ಬರುವ ಕರವನ್ನು ಹಾಗೆ ಮಾಡಲಾಗದು ಎಂಬುದು ಇದರ ಹಿಂದಿನ ತರ್ಕ. ರಂಗನಾಥನ್ ಅವರು ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. 1966ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಗ್ರಂಥಾಲಯ ಕರ ಮೊದಲು ರೂಪಾಯಿಗೆ 3 ಪೈಸೆ ಇತ್ತು, ಅನಂತರ 6 ಪೈಸೆಯಾಯಿತು. ಊರಿನಲ್ಲಿ ಮನೆ ಇರುವವರು ತೆರಿಗೆ ರಸೀದಿಯನ್ನು ತೆಗೆದು ನೋಡಿ, ಗ್ರಂಥಾಲಯ ಕರ ಎಂಬ ಸಾಲು ಕಾಣುತ್ತದೆ.

ಆ ಸಾಲಿನ ಬೆಲೆ ನನಗೆ ಗೊತ್ತಿದೆ. ಮಂಗಳೂರಿನಲ್ಲಿ ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು ನಾನು. ಅಕೌಂಟೆನ್ಸಿಯ ದಪ್ಪ ಪುಸ್ತಕ ಕೊಳ್ಳುವ ಶಕ್ತಿ ಇರಲಿಲ್ಲ. ಭಾನುವಾರಗಳಲ್ಲಿ ಸರಕಾರಿ ಗ್ರಂಥಾಲಯದಲ್ಲಿ ಕುಳಿತು ಲೆಕ್ಕಗಳನ್ನು ನಕಲು ಮಾಡಿಕೊಂಡೆ. ಬ್ಯಾಂಕಿನ ಪರೀಕ್ಷೆಯ ಜಾಹೀರಾತು ಕಂಡದ್ದೂ ಅಲ್ಲಿಯ ಪತ್ರಿಕೆಯಲ್ಲೇ. ಯಾರೋ ಕಟ್ಟಿದ ಮನೆ ತೆರಿಗೆಯ ಕೆಲವು ಪೈಸೆ ನನ್ನ ಪದವಿಗೆ, ನನ್ನ ಅನ್ನಕ್ಕೆ ದಾರಿಯಾಯಿತು. ಅವರ ಮುಖ ನನಗೆ ಗೊತ್ತಿಲ್ಲ, ನನ್ನ ಮುಖ ಅವರಿಗೆ ಗೊತ್ತಿಲ್ಲ. ದಾನಕ್ಕೂ ಕರಕ್ಕೂ ಇರುವ ವ್ಯತ್ಯಾಸ ಇದೇ. ದಾನ ಪಡೆದವನು ಕೈ ಮುಗಿಯಬೇಕು. ಕರದಿಂದ ನಡೆಯುವ ಗ್ರಂಥಾಲಯದೊಳಗೆ ತಲೆ ಎತ್ತಿ ಹೋಗಬಹುದು.

ಆದರೆ ಈ ದಾರಿಯಲ್ಲಿ ಒಂದು ದೊಡ್ಡ ಹೊಂಡವಿದೆ. ಕರವನ್ನು ವಸೂಲಿ ಮಾಡುವುದು ಸ್ಥಳೀಯ ಸಂಸ್ಥೆಗಳು, ಖರ್ಚು ಮಾಡಬೇಕಾದವರು ಗ್ರಂಥಾಲಯ ಪ್ರಾಧಿಕಾರದವರು. ವಸೂಲಿಯಾದ ಹಣ ಎಷ್ಟೋ ಕಡೆ ಗ್ರಂಥಾಲಯಕ್ಕೆ ತಲುಪುವುದೇ ಇಲ್ಲ. 2025ರಲ್ಲಿ ಐದು ಪಾಲಿಕೆಗಳಾಗಿ ವಿಂಗಡಣೆಯಾದ ಬೆಂಗಳೂರು ಮಹಾನಗರ ಪಾಲಿಕೆ ನೂರಾರು ಕೋಟಿ ರೂಪಾಯಿ ಗ್ರಂಥಾಲಯ ಕರ ಬಾಕಿ ಇಟ್ಟುಕೊಂಡ ಸುದ್ದಿ ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬಂದಿದೆ. ಗ್ರಾಹಕರ ಬಡ್ಡಿಯಿಂದ ನಾವು ಕಡಿತ ಮಾಡಿದ ಟಿಡಿಎಸ್ ಹಣವನ್ನು ಸಾಮಾನ್ಯವಾಗಿ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸರಕಾರಕ್ಕೆ ಜಮಾ ಮಾಡಬೇಕು. ಒಂದು ದಿನ ತಡವಾದರೂ ಬಡ್ಡಿ ತೆರಬೇಕು. ಬ್ಯಾಂಕಿನ ಗುಮಾಸ್ತನಿಗೆ ಇರುವ ಈ ನಿಯಮ ಮಹಾನಗರ ಪಾಲಿಕೆಗೆ ಯಾಕಿಲ್ಲ? ಇನ್ನೊಬ್ಬರ ಹೆಸರಿನಲ್ಲಿ ವಸೂಲಿ ಮಾಡಿದ ಹಣ ನಮ್ಮದಲ್ಲ ಎಂಬುದು ಲೆಕ್ಕದ ಮೊದಲ ಪಾಠ.

ಮಹಾರಾಷ್ಟ್ರದ ದಾರಿ: ಅನುದಾನ

ಭಾರತದ ಮೊತ್ತಮೊದಲ ಗ್ರಂಥಾಲಯ ಕಾಯ್ದೆ ಮಾಡಿದ ಕೀರ್ತಿ ಇದೇ ಮಣ್ಣಿನ ಕೊಲ್ಲಾಪುರ ಸಂಸ್ಥಾನಕ್ಕೆ ಸಲ್ಲುತ್ತದೆ, 1945ರಲ್ಲಿ. ಮಹಾರಾಷ್ಟ್ರ ರಾಜ್ಯದ ಕಾಯ್ದೆ 1967ರದು. 1968ರ ಮೇ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಗ್ರಂಥಾಲಯ ಕರ ಇಲ್ಲ. ಸರಕಾರ ವರ್ಷಕ್ಕೆ 25 ಲಕ್ಷಕ್ಕೆ ಕಡಿಮೆಯಿಲ್ಲದಂತೆ ಗ್ರಂಥಾಲಯ ನಿಧಿಗೆ ಕೊಡಬೇಕು ಎಂದಿದೆ. ಈಗಿನ ಖರ್ಚು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಆದರೆ ಅದು ಕಾನೂನಿನ ಹಕ್ಕಲ್ಲ, ಬಜೆಟಿನ ಕೃಪೆ.

ನೋಂದಾಯಿತ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಅ, ಬ, ಕ, ಡ ಎಂಬ ದರ್ಜೆ ಕೊಟ್ಟು ಅನುದಾನ ಹಂಚುತ್ತಾರೆ. ಇಂಥ ಮಾನ್ಯತೆ ಪಡೆದ ಗ್ರಂಥಾಲಯಗಳ ಸಂಖ್ಯೆ ಹತ್ತು ಸಾವಿರಕ್ಕೂ ಹೆಚ್ಚು. ಕರವೇ ಇಲ್ಲದ ರಾಜ್ಯದಲ್ಲಿ ಇಷ್ಟು ಗ್ರಂಥಾಲಯಗಳು! ಮರಾಠಿ ಜನರ ಈ ಓದುವ ಹಂಬಲಕ್ಕೆ ತಲೆಬಾಗಲೇಬೇಕು.

ಆದರೆ ಅಂಕಿ ನೋಡಿದರೆ ಮರುಕ ಹುಟ್ಟುತ್ತದೆ. ಹಳ್ಳಿಯ 'ಡ' ದರ್ಜೆ ಗ್ರಂಥಾಲಯಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು 30 ಸಾವಿರ ರೂಪಾಯಿ. ಅದರಲ್ಲಿ ಅರ್ಧ ಸಂಬಳಕ್ಕೆ. ಅಂದರೆ ಗ್ರಂಥಪಾಲನ ತಿಂಗಳ ಸಂಬಳ 1,250 ರೂಪಾಯಿ. 2022ರಲ್ಲಿ ಸರಕಾರ ಅನುದಾನವನ್ನು ಶೇ. 60ರಷ್ಟು ಏರಿಸಿದ ಮೇಲೆ 30 ಸಾವಿರ 48 ಸಾವಿರವಾಯಿತು, ತಿಂಗಳ ಸಂಬಳ 2,000 ರೂಪಾಯಿ. ನಮ್ಮ ಹೊಟೇಲುಗಳಲ್ಲಿ ಲೋಟ ತೊಳೆಯುವ ಹುಡುಗನಿಗೂ ಇದರ ಎಷ್ಟೋ ಪಟ್ಟು ಕೊಡುತ್ತೇವೆ. ಅನುದಾನ ಬರುವುದೂ ಕಂತುಗಳಲ್ಲಿ. 2012ರ ಸುಮಾರಿಗೆ ನಡೆದ ತಪಾಸಣೆಯಲ್ಲಿ ಹೆಸರಿಗೆ ಮಾತ್ರ ಇದ್ದ ಗ್ರಂಥಾಲಯಗಳೂ ಸಿಕ್ಕಿಬಿದ್ದವು, ಹೊಸ ಮಾನ್ಯತೆ ಕೊಡುವುದನ್ನು ಅನೇಕ ವರ್ಷ ನಿಲ್ಲಿಸಲಾಯಿತು. ಕಳ್ಳರ ಜೊತೆ ಪ್ರಾಮಾಣಿಕರೂ ಶಿಕ್ಷೆ ಅನುಭವಿಸಿದರು.

ಹೀಗೆ ಬೀದರಿನವರಿಗೆ ಕರ ಇದೆ, ಆದರೆ ಗ್ರಂಥಾಲಯ ತಮ್ಮದು ಎಂಬ ಭಾವನೆ ಕಡಿಮೆ. ಅದು ಸರಕಾರದ್ದು, ಬೀಗ ಹಾಕಿದ್ದರೆ ಸರಕಾರವೇ ತೆಗೆಯಬೇಕು. ಸಂಭಾಜಿನಗರದವರಿಗೆ ಗ್ರಂಥಾಲಯ ತಮ್ಮದು, ಆದರೆ ಭರವಸೆಯ ಹಣವಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡೂ ಸೇರಿದರೆ ಮಾತ್ರ ಪೂರ್ತಿ ಲೆಕ್ಕ. ಮಹಾರಾಷ್ಟ್ರ ಸರಕಾರ ಆಸ್ತಿ ತೆರಿಗೆಯ ಮೇಲೆ ಒಂದು ಸಣ್ಣ ಗ್ರಂಥಾಲಯ ಕರ ಹಾಕಲಿ, ತೆರಿಗೆ ಕಟ್ಟುವ ನಾವು ಬೇಸರಿಸಬಾರದು. ಕರ್ನಾಟಕ ಸರಕಾರ ವಸೂಲಿಯಾದ ಕರವನ್ನು ತಿಂಗಳಿಗೊಮ್ಮೆ ತಾರೀಕು ಹಾಕಿ ಗ್ರಂಥಾಲಯದ ಖಾತೆಗೆ ಜಮಾ ಮಾಡಿಸಲಿ, ಊರಿನ ಓದುಗರನ್ನು ಗ್ರಂಥಾಲಯ ಸಮಿತಿಗಳಲ್ಲಿ ಸೇರಿಸಿಕೊಳ್ಳಲಿ.

ನಾವೇನು ಮಾಡಬಹುದು?

ಸರಕಾರಗಳಿಗೆ ಬುದ್ಧಿ ಹೇಳುವುದು ಸುಲಭ. ಮೆಟ್ಟಿಲಿನ ಕೆಳಗಿರುವ ನಮ್ಮ ಪೆಟ್ಟಿಗೆಗಳ ಗತಿಯೇನು?

1954ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ ದೇಶದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಕೊಲ್ಕತ್ತಾ, ಚೆನ್ನೈ, ಮುಂಬಯಿ, ದಿಲ್ಲಿಯ ನಾಲ್ಕು ಗ್ರಂಥಾಲಯಗಳಿಗೆ ಕಳುಹಿಸಬೇಕು. ಕನ್ನಡ ಪುಸ್ತಕಗಳೂ ಇದಕ್ಕೆ ಹೊರತಲ್ಲ. ಕಾನೂನಿನ ಮಟ್ಟಿಗೆ ಮುಂಬಯಿಯ ಕೇಂದ್ರ ಗ್ರಂಥಾಲಯದಲ್ಲಿ ಕನ್ನಡಕ್ಕೆ ಜಾಗ ಇದೆ. ನಮ್ಮದೇ ಸಂಘದ ಸಭಾಗೃಹದಲ್ಲಿ ಎರಡು ಕಪಾಟಿಗೆ ಜಾಗ ಇಲ್ಲ ಎನ್ನಲು ಬಾಯಿ ಬರುವುದಾದರೂ ಹೇಗೆ?

ಜಾಗವೇ ಬೇಡ ಎನ್ನುವವರಿಗೆ ನಾಸಿಕ್‌ನಲ್ಲೇ ಒಂದು ದಾರಿ ಇದೆ. ಇಲ್ಲಿಯ ಕುಸುಮಾಗ್ರಜ ಪ್ರತಿಷ್ಠಾನದ ಮೂಲಕ ವಿನಾಯಕ ರಾನಡೆಯವರು 2009ರಲ್ಲಿ 'ಗ್ರಂಥ ತುಮ್ಚ್ಯಾ ದಾರಿ' ಎಂಬ ಯೋಜನೆ ಆರಂಭಿಸಿದರು. ನಿಮ್ಮ ಬಾಗಿಲಿಗೇ ಪುಸ್ತಕ ಎಂದು ಅರ್ಥ. ಒಂದು ಪೆಟ್ಟಿಗೆಯಲ್ಲಿ ನೂರು ಪುಸ್ತಕ. ಆಸುಪಾಸಿನ ಓದುಗರ ಒಂದು ಗುಂಪಿಗೆ ಒಂದು ಪೆಟ್ಟಿಗೆ. ಓದಿ ಮುಗಿದ ಮೇಲೆ ಇನ್ನೊಂದು ಗುಂಪಿನ ಪೆಟ್ಟಿಗೆಯೊಂದಿಗೆ ಬದಲಾವಣೆ. ಪುಸ್ತಕಗಳು ದಾನಿಗಳಿಂದ ಬಂದವು. ಈ ಪೆಟ್ಟಿಗೆಗಳು ಕಡಲು ದಾಟಿ ದುಬಾಯಿಗೂ ಹೋಗಿವೆ. ನಮ್ಮ 600 ಪುಸ್ತಕ ಎಂದರೆ ಇಂಥ ಆರು ಪೆಟ್ಟಿಗೆ. ನಾಸಿಕ್ ರೋಡ್, ಸಿಡ್ಕೊ, ಸಾತ್ಪುರ, ಓಝರ್, ಪಂಚವಟಿ, ಇಂದಿರಾನಗರದಲ್ಲಿ ಒಂದೊಂದು ಕನ್ನಡ ಮನೆಯಲ್ಲಿ ಒಂದೊಂದು ಪೆಟ್ಟಿಗೆ ಇಡಬಹುದು.

ಹಳೆಯ ಪುಸ್ತಕ ತಿರುಗಿದರೆ ಸಾಲದು, ಹೊಸದೂ ಬರಬೇಕು. ಅದಕ್ಕೆ ಕೋಶ ಬೇಕು. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವಲ್ಲ ಎಂಬ ಪ್ರಶ್ನೆ ಬರುತ್ತದೆ. ನಿಜ. ಹಾಗಾದರೆ ಅಕ್ಷರಮಾಲೆಯ ಪುಸ್ತಕ, ಚಿತ್ರದ ಪುಸ್ತಕಗಳಿಂದಲೇ ಆರಂಭಿಸೋಣ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆ. ಹಗಲಿಡೀ ಟಿ.ವಿ. ಮುಂದೆ ಕೂರುವ ಅವರ ಕೈಗೆ ಒಂದು ಕಾದಂಬರಿ ಕೊಡಿ, ಮೊಮ್ಮಗುವಿಗೆ ಕತೆಯೂ ಸಿಗುತ್ತದೆ.

ವಾರ್ಷಿಕ ಮಹಾಸಭೆಯಲ್ಲಿ ನಾನು ಒಂದು ಠರಾವು ಮಂಡಿಸಲಿದ್ದೇನೆ. ಕರ್ನಾಟಕದ ಕಾಯ್ದೆಯ ಆರು ಪೈಸೆಯನ್ನು ನಮಗೆ ನಾವೇ ವಿಧಿಸಿಕೊಳ್ಳೋಣ. ಸಂಘ ವರ್ಷದಲ್ಲಿ ಸಂಗ್ರಹಿಸುವ ಪ್ರತಿ ರೂಪಾಯಿಯಲ್ಲಿ 6 ಪೈಸೆ ಪುಸ್ತಕ ಖಾತೆಗೆ, ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ. ನಾಲ್ಕು ಲಕ್ಷ ಕೂಡಿದರೆ 24 ಸಾವಿರ. 200 ರೂಪಾಯಿಯ ಪುಸ್ತಕವೆಂದರೂ 120 ಪುಸ್ತಕ, ಅಂದರೆ ವರ್ಷಕ್ಕೊಂದು ಹೊಸ ಪೆಟ್ಟಿಗೆ ತುಂಬಿ ಇಪ್ಪತ್ತು ಪುಸ್ತಕ ಮಿಗುತ್ತದೆ. ಹತ್ತು ಶಾಲು ಕಡಿಮೆಯಾದೀತು, ಗಣ್ಯರು ಬೇಸರಿಸಲಿಕ್ಕಿಲ್ಲ. ಮುಂಬಯಿ, ಪುಣೆ, ಸೊಲ್ಲಾಪುರ, ಸಂಭಾಜಿನಗರದ ಸಂಘ ಸಂಸ್ಥೆಗಳ ಪದಾಧಿಕಾರಿಗಳೂ ತಮ್ಮ ಲೆಕ್ಕಪತ್ರದಲ್ಲಿ ಪುಸ್ತಕದ ಸಾಲು ಎಲ್ಲಿದೆ ಎಂದು ಒಮ್ಮೆ ನೋಡಬೇಕೆಂದು ವಿನಂತಿ.

ಠರಾವು ಪಾಸಾಗುತ್ತದೆಯೋ ಇಲ್ಲವೋ ತಿಳಿಯದು. ಪಾಸಾಗದಿದ್ದರೆ ಪೆಟ್ಟಿಗೆಗಳನ್ನು ರದ್ದಿಯವನಿಗೆ ಕೊಡುವ ಮೊದಲು ನನಗೆ ಒಂದು ಫೋನು ಮಾಡಿ ಎಂದು ಕಾರ್ಯದರ್ಶಿಗಳಿಗೆ ಹೇಳಿಟ್ಟಿದ್ದೇನೆ. ನನ್ನದು ಎರಡು ಕೋಣೆಯ ಫ್ಲ್ಯಾಟು. ಮನೆಯವಳು, 'ಮಂಚದ ಕೆಳಗೆ ಜಾಗ ಇದೆ, ತನ್ನಿ' ಎಂದಿದ್ದಾಳೆ.